ಟ್ರೈಲರ್ ಜಾಕು, ಹಲಸಿನ ಕುಂಟೆ

ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಆದರೆ ಬಚ್ಚಲ ಹಂಡೆಗೂ ಅಡಿಕೆ ಬೇಯಿಸುವ ಒಲೆಗೂ ಸೌದೆಯೇ ಆಗಬೇಕು. ಸಾಗರದ ಕಡೆ ತೋಟ ಇರುವವರ ಮನೆಯೆಲ್ಲ ಹೆಚ್ಚು ಕಡಿಮೆ ಹೀಗೇ. ದಸರಾ ಕಳೆದು ಕೊಯ್ಲು ಶುರುವಾದರೆ ಸುಲಿದ ಹಸಿ ಅಡಿಕೆ ದಿನಾ ಹಂಡೆಗೆ ಬೀಳುತ್ತದೆ. ಅದಕ್ಕೆ ಬೇಕಾದ ಸೌದೆಯನ್ನೆಲ್ಲ ಮೇ ಮುಗಿಯುವುದರೊಳಗೆ ಒಡೆದು ಒಳಗೆ ಸೇರಿಸಬೇಕು. ಮಳೆ ಹಿಡಿದ ಮೇಲೆ ಒಣಗಿಸುತ್ತೇನೆ ಅನ್ನುವವನು ಮಲೆನಾಡಿನವನಲ್ಲ.

ಒಡೆಯುವವರು ಎಲ್ಲಿದ್ದಾರೆ? ನಮ್ಮಲ್ಲಿಗೆ ಇಪ್ಪತ್ತು ವರ್ಷ ಬಂದವರಿಗೆ ಮಂಡಿ ನೋವು. ಅವರ ಮಗ ಬೆಂಗಳೂರಲ್ಲಿ. ನಾನೇ ಕೊಡಲಿ ಎತ್ತಿದೆ. ಮೂರು ದಿನಕ್ಕೆ ಸೊಂಟ ಹಿಡಿಯಿತು. ಅದೂ ಗಾಳಿಗೆ ಬಿದ್ದ ಅಕೇಶಿಯಾ, ನಾರು ನಾರು. ಕೊಡಲಿ ಒಳಗೆ ಹೋಗುತ್ತದೆ, ಬರುವುದಿಲ್ಲ. ಸೌದೆ ಒಡೆಯುವ ಮಿಷನ್ನಿನ ಬೆಲೆ ಕೇಳಿದೆ, ಕೇಳಿ ಫೋನ್ ಇಟ್ಟೆ.

ಆಗ ಗುಜರಿಯಲ್ಲಿ ಕಣ್ಣಿಗೆ ಬಿದ್ದದ್ದು ಟ್ರ್ಯಾಕ್ಟರ್ ಟ್ರೈಲರ್ ಎತ್ತುವ ಹೈಡ್ರಾಲಿಕ್ ಜಾಕು. ತೂಕದ ಲೆಕ್ಕಕ್ಕೆ ಕೊಟ್ಟರು. ಮನೆಯಲ್ಲಿ ಹಳೇ ಟ್ರ್ಯಾಕ್ಟರ್ ಹೇಗೂ ಇದೆ, ಎಣ್ಣೆ ತಳ್ಳುವ ಪಂಪು ಅದರಲ್ಲೇ ಇದೆ. ಲೆಕ್ಕ ಹಾಕಿದೆ. ಜಾಕಿನ ರಾಡು 80 ಮಿಲಿಮೀಟರ್ ದಪ್ಪ, ಅಂದರೆ ಅದರ ತಲೆ ಸುಮಾರು 50 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡ ಸಿಕ್ಕರೂ ಏಳೂವರೆ ಟನ್ ಆಯಿತು! ರಾತ್ರಿ ನಿದ್ದೆ ಬರಲಿಲ್ಲ.

ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಐ-ಬೀಮ್ ಮಲಗಿಸಿ, ಒಂದು ತುದಿಗೆ ಜಾಕು, ಇನ್ನೊಂದು ತುದಿಗೆ ಬೆಣೆ ಕೂರಿಸಿದೆವು. ಬೆಣೆಗೆ ಲಾರಿಯ ಕಮಾನು ಪಟ್ಟಿ ಹಾಕೋಣ ಎಂದು ನಾನೇ ಹಟ ಹಿಡಿದೆ. ಅದು ಗಟ್ಟಿ ನಿಜ, ಆದರೆ ಮಾಮೂಲಿ ಕಬ್ಬಿಣದ ಹಾಗೆ ತಣ್ಣಗಿರುವಾಗಲೇ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ವೆಲ್ಡರ್ ಮೊದಲೇ ಹೇಳಿದ್ದರು. ನಾಲ್ಕನೇ ತುಂಡಿಗೇ ಬಿಟ್ಟಿತು. ಆಮೇಲೆ ಅವರ ಮಾತಿನಂತೆ ದಪ್ಪ ಪ್ಲೇಟನ್ನೇ ಕತ್ತರಿಸಿ, ಅಂಚು ಉಜ್ಜಿ ಹಾಕಿದ್ದು.

ದೊಡ್ಡ ಪೆದ್ದುತನ ಬೇರೆಯೇ ಇತ್ತು. ಮೊದಲ ದಿನ ಲಿವರ್ ಎತ್ತಿದೆ. ರಾಡು ಮುಂದೆ ಬಂತು, ತುಂಡು ಚಟ್ ಎಂದು ಎರಡಾಯಿತು. ಎಲ್ಲರೂ ಹೋ ಎಂದರು. ಲಿವರ್ ಇಳಿಸಿದೆ. ರಾಡು ಅಲ್ಲೇ ನಿಂತಿತ್ತು. ಮತ್ತೆ ಎತ್ತಿದೆ, ಇಳಿಸಿದೆ. ಊಹೂಂ. ಕೊನೆಗೆ ಮೂರು ಜನ ಸೇರಿ ಕೈಯಲ್ಲಿ ಒಳಗೆ ತಳ್ಳಿದೆವು. ಟ್ರೈಲರ್ ಜಾಕಿಗೆ ಎಣ್ಣೆ ಬರುವ ದಾರಿ ಒಂದೇ. ತಳ್ಳುವುದಷ್ಟೇ ಅದಕ್ಕೆ ಗೊತ್ತು, ಹಿಂದೆ ಬರುವುದು ಗೊತ್ತಿಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಲಾರಿ ಟ್ಯೂಬಿನ ರಬ್ಬರು. ನಾಲ್ಕು ಪಟ್ಟಿ ಸೀಳಿ ರಾಡಿನ ತಲೆಯಿಂದ ಹಿಂದಕ್ಕೆ ಎಳೆದು ಕಟ್ಟಿದೆ. ಎರಡು ದಿನ ಚೆನ್ನಾಗಿಯೇ ಎಳೆಯಿತು. ಮೂರನೇ ದಿನ ಒಂದು ಪಟ್ಟಿ ಹರಿದು ನನ್ನ ಮೀನಖಂಡಕ್ಕೆ ಬಾರಿಸಿತು. ಬರೆ ಒಂದು ವಾರ ಇತ್ತು.

ಅಪ್ಪಯ್ಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಇದನ್ನೆಲ್ಲ ನೋಡುತ್ತಿದ್ದರು. ನಾನು ಕಾಲು ಉಜ್ಜಿಕೊಳ್ಳುವಾಗ ಕೇಳಿದರು, "ಟ್ರೈಲರ್ ಕೆಳಗೆ ಇಳಿಯೋದು ಹೆಂಗೆ ಮಾರಾಯಾ?"

"ಭಾರಕ್ಕೆ."

"ಮತ್ತೆ ಇದನ್ನ ಯಾಕೆ ಮಲಗಿಸಿದ್ದೀ?"

ನನಗೆ ಉತ್ತರ ಇರಲಿಲ್ಲ. ಮೊಬೈಲಲ್ಲಿ ನೋಡಿದ ಮಿಷನ್ನುಗಳೆಲ್ಲ ಮಲಗಿದ್ದವು, ಅದಕ್ಕೇ ಮಲಗಿಸಿದ್ದೆ.

ಎಬ್ಬಿಸಿ ನಿಲ್ಲಿಸಿದೆವು. ಎರಡು ಕಡೆ 6 ಇಂಚಿನ ಚಾನಲ್ ಕಂಬ, ಮೇಲೆ ಅಡ್ಡ ತೊಲೆ, ತೊಲೆಯಿಂದ ಕೆಳಮುಖವಾಗಿ ಬೆಣೆ. ಕೆಳಗೆ ಜಾಕು, ಅದರ ತಲೆಯ ಮೇಲೊಂದು ದಪ್ಪ ಮಣೆ. ತುಂಡನ್ನು ಮಣೆಯ ಮೇಲೆ ನಿಲ್ಲಿಸಿದರೆ ಅದು ಮೇಲೆ ಹೋಗಿ ಬೆಣೆಗೆ ತಾನೇ ಸಿಗಿಸಿಕೊಳ್ಳುತ್ತದೆ. ಎಣ್ಣೆ ಬಿಟ್ಟರೆ ಮಣೆ ತನ್ನ ಭಾರಕ್ಕೆ ನಿಧಾನ ಇಳಿಯುತ್ತದೆ. ಜಾಕನ್ನು ಎರಡಡಿ ಗುಂಡಿಯೊಳಗೆ ಇಳಿಸಿದ್ದರಿಂದ ಮಣೆ ಮೊಣಕಾಲಿಗಿಂತ ಕೆಳಗೇ ಇದೆ. ಭಾರದ ತುಂಡನ್ನು ಎತ್ತುವುದು ಬೇಡ, ಉರುಳಿಸಿದರೆ ಸಾಕು. ಗುಂಡಿಯ ಯೋಚನೆ ನನ್ನದು, ಅದನ್ನು ಹೇಳಿಕೊಳ್ಳಬೇಕು ಅಲ್ವಾ.

ಒಂದು ದಿನ ಪೈಪಿನ ಜಾಯಿಂಟಲ್ಲಿ ಎಣ್ಣೆ ಜಿನುಗುತ್ತಿತ್ತು. ಎಲ್ಲಿಂದ ಎಂದು ಬೆರಳಿಟ್ಟು ನೋಡಲು ಹೋದೆ. ಪಕ್ಕದಲ್ಲಿದ್ದ ಫಿಟ್ಟರ್ ಕೈಗೇ ಹೊಡೆದರು. ಆ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದಂತೆ. ಹೊರಗೆ ಚುಕ್ಕೆಯಷ್ಟೇ ಕಂಡರೂ ಕೂಡಲೇ ಆಪರೇಷನ್ ಆಗದಿದ್ದರೆ ಬೆರಳೇ ಹೋಗಬಹುದು. ಈಗ ಏನೇ ನೋಡುವುದಿದ್ದರೂ ಮೊದಲು ಟ್ರ್ಯಾಕ್ಟರ್ ಆಫ್. ಇನ್ನೊಂದು ಕೊರತೆ ಅಂದರೆ ಲಿವರ್ ಇರುವುದು ಟ್ರ್ಯಾಕ್ಟರ್ ಸೀಟಿನ ಪಕ್ಕ, ತುಂಡು ಇಡುವವನು ಬೇರೆ. ಹಾಗಾಗಿ ಇಟ್ಟವನು ಎರಡು ಹೆಜ್ಜೆ ಹಿಂದೆ ಸರಿದು "ಹೂಂ" ಅನ್ನುವವರೆಗೆ ಲಿವರ್ ಮುಟ್ಟುವ ಹಾಗಿಲ್ಲ.

ನಿಲ್ಲಿಸಿದ್ದಕ್ಕೆ ಹೊಸದೊಂದು ತಾಪತ್ರಯವೂ ಬಂತು. ಅಕೇಶಿಯಾ ಪೂರ್ತಿ ಸೀಳದೆ, ನಾರು ಬಿಡದೆ, ಬೆಣೆ ಕಚ್ಚಿಕೊಂಡು ಮೇಲೆ ನೇತಾಡುತ್ತದೆ. ಮಣೆ ಮಾತ್ರ ಕೆಳಗೆ ಬಂದಿರುತ್ತದೆ. 20 ಕೆ.ಜಿ. ತುಂಡು ಎದೆಮಟ್ಟದಲ್ಲಿ ತೂಗುತ್ತಿದ್ದರೆ ಅದರ ಕೆಳಗೆ ಯಾರು ಕೈ ಹಾಕುತ್ತಾರೆ? ಈಗ ಎರಡೂ ಕಂಬಕ್ಕೆ ಒಂದೊಂದು ಕೊಕ್ಕೆ ಇದೆ. ಮಣೆ ಮೇಲೆಯೇ ಇರುವಾಗ ತುಂಡಿಗೆ ಸರಪಳಿ ಸುತ್ತಿ ಕೊಕ್ಕೆಗೆ ಹಾಕುತ್ತೇವೆ. ಆಮೇಲೆ ಮಣೆ ಇಳಿಸಿ, ಅದರ ಮೇಲೆ ಒಂದು ಗಟ್ಟಿ ಮರದ ದಿಂಡು ಇಟ್ಟು ಮತ್ತೆ ಎತ್ತಿದರೆ ಉಳಿದದ್ದೂ ಸೀಳುತ್ತದೆ. ಕೆಲಸ ಸ್ವಲ್ಪ ಜಾಸ್ತಿ, ಏನು ಮಾಡುವುದು.

ತುಂಡು ಇಡುವ ಮೊದಲು ಅದರ ಮುಖ ನೋಡುವುದನ್ನು ಕಲಿಸಿದ್ದೂ ಅಪ್ಪಯ್ಯನೇ. ಒಣಗಿದ ತುಂಡಿನ ತಲೆಯಲ್ಲಿ ನಡುವಿನಿಂದ ಹೊರಗೆ ಬಿರುಕು ಹರಿದಿರುತ್ತದೆ. ಬೆಣೆ ಆ ಗೆರೆಗೇ ಕೂರಬೇಕು. ಗಂಟಿದ್ದ ತುದಿ ಕೆಳಗೆ, ಮಣೆಯ ಕಡೆಗೆ. ಗಂಟು ಜಾಸ್ತಿ ಇದ್ದರೆ ನಡುವೆ ಹೋಗಲೇಬಾರದು, ಅಂಚಿನಿಂದ ಚಕ್ಕೆ ಚಕ್ಕೆಯಾಗಿ ತೆಗೆಯಬೇಕು. ಮೇ ಕೊನೆಗೆ ಕೊಟ್ಟಿಗೆಯ ಅರ್ಧ ಗೋಡೆ ಮುಚ್ಚುವಷ್ಟು ಸೌದೆ ಪೇರಿಸಿದೆವು. ಖರ್ಚು ಒಟ್ಟು 26 ಸಾವಿರ, ಡೀಸೆಲ್ ಬಿಟ್ಟು.

ಜೂನ್ ಮೊದಲ ಮಳೆಗೇ ಗುಂಡಿ ತುಂಬಿ ಜಾಕು ಮುಳುಗಿತು. ನೀರು ಹೋಗಲು ದಾರಿಯನ್ನೇ ಬಿಟ್ಟಿರಲಿಲ್ಲ. ಅಪ್ಪಯ್ಯ ಏನೂ ಹೇಳಲಿಲ್ಲ, ಅಮ್ಮನ ಮುಖ ನೋಡಿದರು ಅಷ್ಟೇ. ಜಾಕು ಬಿಚ್ಚಿ, ಒರೆಸಿ, ರಾಡಿಗೆ ಗ್ರೀಸ್ ಬಳಿದು ಒಳಗಿಟ್ಟೆ.

ಅಂಗಳದಲ್ಲಿ ಒಂದು ಹಲಸಿನ ಕುಂಟೆ ಇದೆ, ಕವಲು ಕವಲು, ಮೂರು ಕಡೆ ಗಂಟು. ಈ ಮೊದಲು ಎರಡು ಕೊಡಲಿ ಕಾವು ಮುರಿದಿತ್ತು. ಜಾಕು ಬಿಚ್ಚುವ ಹಿಂದಿನ ವಾರ ಅದನ್ನೂ ಏರಿಸಿದ್ದೆ. ಬೆಣೆ ಒಂದು ಇಂಚು ಇಳಿಯಿತು, ಟ್ರ್ಯಾಕ್ಟರ್ ಗುರ್ರ್ ಎಂದಿತು, ಮಣೆ ನಿಂತೇ ಹೋಯಿತು. ಅಂಚಿನಿಂದಲೂ ನೋಡಿದೆ, ತಿರುಗಿಸಿಯೂ ನೋಡಿದೆ. ಏಳೂವರೆ ಟನ್ನಿಗೂ ಅದು ಬಗ್ಗಲಿಲ್ಲ. ಉರುಳಿಸಿ ಮಿಷನ್ ಪಕ್ಕ ಬಿಟ್ಟೆ. ಬೇಸಿಗೆಯಲ್ಲಿ ಮತ್ತೆ ಕೆಲಸ ಶುರುವಾದಾಗ ಅಪ್ಪಯ್ಯನಿಗೆ ಕೂರಲು ಅದೇ ಆಗುತ್ತದೆ.