‘ಪಾನನಿರೋಧ ಎಲ್ಲಾದ್ರೂ ಗೆದ್ದಿದೆಯಾ?’ ಅನ್ನುವವರಿಗೆ

ಕುಡಿತದ ವಿರುದ್ಧ ನಡೆದ ಚಳವಳಿಗಳ ಚರಿತ್ರೆಯನ್ನು ನಾನು ಓದುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ. “ಅಮೆರಿಕದಲ್ಲೇ ಆಗಲಿಲ್ಲ, ಇನ್ನೆಲ್ಲಿ ಆಗುತ್ತೆ? ಎಲ್ಲಾದ್ರೂ ಗೆದ್ದಿದೆಯಾ?” ಇದನ್ನು ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ. ‘ಇಲ್ಲ’ ಅನ್ನಿಸಿಕೊಂಡು ಹೋಗಬೇಕು, ಅಷ್ಟೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದುಬಿಡುತ್ತೇನೆ.

ಒಂದು ಸಭೆಯಲ್ಲಿ ನನ್ನ ಮಾತು ಮುಗಿಯುವ ಮೊದಲೇ ಒಬ್ಬರು ಎದ್ದು ನಿಂತರು. “ಆಲ್ ಕಪೋನ್ ಹೆಸರು ಕೇಳಿದ್ದೀರಾ ಮೇಡಂ?” ಸಭೆಯೆಲ್ಲ ನಕ್ಕಿತು. ಕೇಳಿದ್ದೇನೆ ಸ್ವಾಮಿ, ಅಮೆರಿಕದ ಮದ್ಯ ನಿಷೇಧದ ಕಾಲದಲ್ಲಿ ಕಳ್ಳ ಮದ್ಯ ಮಾರಿ ಬೆಳೆದ ಗ್ಯಾಂಗಿನ ನಾಯಕ. ನೀವು ಎಲೈಝಾ ಥಾಂಪ್ಸನ್ ಹೆಸರು ಕೇಳಿದ್ದೀರಾ? 1873ರ ಡಿಸೆಂಬರ್ ಚಳಿಯಲ್ಲಿ, ಒಹಾಯೊ ರಾಜ್ಯದ ಹಿಲ್ಸ್‌ಬರೊ ಎಂಬ ಸಣ್ಣ ಊರಲ್ಲಿ, ಆಕೆ ಹೆಂಗಸರನ್ನು ಕರೆದುಕೊಂಡು ಮದ್ಯದ ಅಂಗಡಿಯಿಂದ ಅಂಗಡಿಗೆ ಹೋದರು. ಅಲ್ಲೇ ನಿಂತು ಪ್ರಾರ್ಥನೆ ಮಾಡಿದರು, ಮಾರಬೇಡಿ ಅಂತ ಬೇಡಿಕೊಂಡರು. ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಗಂಡ ದುಡಿದದ್ದನ್ನೆಲ್ಲ ಕುಡಿದು ಬಂದರೆ ಮಕ್ಕಳನ್ನು ಕಟ್ಟಿಕೊಂಡು ಬೇರೆ ಬದುಕುವುದೂ ಸುಲಭವಿರಲಿಲ್ಲ. ಅಂಗಡಿ ಮುಂದೆ ನಿಲ್ಲುವುದು ಬಿಟ್ಟು ಅವರು ಇನ್ನೇನು ಮಾಡಬೇಕಿತ್ತು? ಇದಕ್ಕೆ ಅವತ್ತು ಯಾರೂ ಉತ್ತರ ಕೊಡಲಿಲ್ಲ.

ಮರುವರ್ಷ ಅಮೆರಿಕದಲ್ಲಿ ಕ್ರಿಶ್ಚಿಯನ್ ಮಹಿಳೆಯರ ಪಾನನಿರೋಧ ಒಕ್ಕೂಟ ಹುಟ್ಟಿತು. ನ್ಯೂಜಿಲೆಂಡಿಗೂ ಹಬ್ಬಿತು. ಅಲ್ಲಿ ಅದೇ ಒಕ್ಕೂಟದ ಕೇಟ್ ಶೆಪರ್ಡ್ ಹೆಂಗಸರಿಗೂ ಮತ ಬೇಕು ಅಂತ ಊರೂರಿಂದ ಸಹಿ ಸಂಗ್ರಹಿಸಿದರು. 1893ರಲ್ಲಿ ಆ ದೇಶದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು. ಗೆಲುವಿನ ಲೆಕ್ಕ ಕೇಳುವವರು ಇದನ್ನು ಯಾಕೆ ಬಿಟ್ಟುಬಿಡುತ್ತಾರೋ!

ಇನ್ನು ‘ಅಮೆರಿಕದಲ್ಲೇ’ ಅನ್ನುವ ಮಾತು. 1920ರಿಂದ 1933ರವರೆಗೆ ಅಲ್ಲಿ ಮದ್ಯ ನಿಷೇಧ ಇತ್ತು. ಕಳ್ಳಸಾಗಣೆ ಬೆಳೆಯಿತು, ಗ್ಯಾಂಗುಗಳು ಬೆಳೆದವು, ಕಳಪೆ ಸಾರಾಯಿ ಕುಡಿದು ಜನ ಸತ್ತರು. ಎಲ್ಲ ನಿಜ. ಕುಡಿತದಿಂದ ಲಿವರ್ ಕೆಟ್ಟು ಸಾಯುವವರ ಸಂಖ್ಯೆ ಆ ವರ್ಷಗಳಲ್ಲಿ ಕಡಿಮೆ ಇತ್ತು ಅನ್ನುವುದೂ ಅಷ್ಟೇ ನಿಜ. ಅದಕ್ಕಿಂತ ದೊಡ್ಡ ವಿಷಯ ಆ ನಿಷೇಧಕ್ಕೂ ನೂರು ವರ್ಷ ಹಿಂದಿನದು. 1830ರ ಸುಮಾರಿಗೆ ಅಲ್ಲಿನ ವಯಸ್ಕರು ತಲೆಗೆ ವರ್ಷಕ್ಕೆ ಸುಮಾರು 26 ಲೀಟರ್ ಶುದ್ಧ ಆಲ್ಕೋಹಾಲಿನಷ್ಟು ಕುಡಿಯುತ್ತಿದ್ದರು ಅನ್ನುವುದು ಇತಿಹಾಸಕಾರರ ಅಂದಾಜು. 1840ರ ದಶಕದ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಇಡೀ ರಾಜ್ಯದಲ್ಲಿ ಮಾರಾಟ ನಿಲ್ಲಿಸಿದ ಮೇಯ್ನ್ ರಾಜ್ಯದ ಕಾಯ್ದೆ ಬಂದದ್ದು 1851ರಲ್ಲಿ. ಅಂದರೆ ಅದಕ್ಕೂ ಮೊದಲೇ, ಪೊಲೀಸರಿಗಿಂತ ಜಾಸ್ತಿ ಸಭೆಗಳು ಮತ್ತು ‘ಇನ್ನು ಕುಡಿಯಲ್ಲ’ ಅಂತ ಹಾಕಿದ ಸಹಿಗಳು ಕೆಲಸ ಮಾಡಿದ್ದವು.

ನನ್ನನ್ನು ಬೇರೆಯೇ ಒಂದು ಪ್ರಶ್ನೆ ಕೇಳಬೇಕಿತ್ತು: ಮುಚ್ಚಿಸಿದ ಅಂಗಡಿಯನ್ನು ಮತ್ತೆ ತೆರೆದವರು ಯಾರು?

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಕಥೆ ನೋಡಿ. ಅಕ್ಷರ ಕಲಿಯಲು ಸೇರಿದ್ದ ಹೆಂಗಸರು ತಮ್ಮೂರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಚಳವಳಿ ಹಳ್ಳಿಯಿಂದ ಹಳ್ಳಿಗೆ ಹರಡಿತು. ಸಾರಾಯಿ ಮಾರುವ ಗುತ್ತಿಗೆಯ ಹರಾಜು ನಡೆಯುವ ಜಾಗಕ್ಕೇ ಹೋಗಿ ತಡೆದರು. ಕೂಲಿ ಮಾಡುವ ಹೆಂಗಸರು, ದಿನದ ದುಡಿಮೆ ಬಿಟ್ಟು ಹೋದವರು. 1993ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿತು. 1995ರಲ್ಲಿ ಎನ್.ಟಿ. ರಾಮರಾವ್ ಪೂರ್ತಿ ಪಾನನಿರೋಧ ತಂದರು. ಎರಡೇ ವರ್ಷದಲ್ಲಿ, 1997ರಲ್ಲಿ, ಚಂದ್ರಬಾಬು ನಾಯ್ಡು ಸರ್ಕಾರ ಅದನ್ನು ಸಡಿಲಿಸಿತು. ಬೊಕ್ಕಸಕ್ಕೆ ಆದ ನಷ್ಟ ಅದಕ್ಕೊಂದು ದೊಡ್ಡ ಕಾರಣ. ಅಮೆರಿಕದಲ್ಲೂ ಹೀಗೇ ಆಯಿತು. 1929ರಲ್ಲಿ ಶುರುವಾದ ಆರ್ಥಿಕ ಕುಸಿತದಲ್ಲಿ ಮದ್ಯದ ತೆರಿಗೆ ಬೇಕೇ ಬೇಕು ಅನ್ನುವ ವಾದಕ್ಕೆ ಬಲ ಬಂತು.

ಹರಾಜು ನಿಲ್ಲಿಸಿದ ಆ ಹೆಂಗಸರು ತಮ್ಮ ಕೆಲಸ ಮಾಡಿ ಮುಗಿಸಿದ್ದರು. ತೆರಿಗೆ ಬಿಟ್ಟು ಬದುಕುವುದನ್ನು ಕಲಿಯಬೇಕಾದದ್ದು ಸರ್ಕಾರ. ‘ಗೆದ್ದಿದೆಯಾ’ ಅಂತ ಮೊದಲು ಆ ಹೆಂಗಸರನ್ನು ಕೇಳಿ.