ಅದು ನಿಜವಾದ ಕಣ್ಣೀರಾ, ಗ್ಲಿಸರಿನ್ನಾ?

"ಸೀರಿಯಲ್‌ನಲ್ಲಿ ಅಷ್ಟೊಂದು ಅಳ್ತೀಯಲ್ಲ, ಅದು ನಿಜವಾದ ಕಣ್ಣೀರಾ, ಗ್ಲಿಸರಿನ್ನಾ?" ಬಸ್ಸಿನಲ್ಲಿ, ಬೆಣ್ಣೆ ದೋಸೆ ಹೋಟೆಲಿನಲ್ಲಿ, ಹಾಲಿನ ಅಂಗಡಿಯಲ್ಲಿ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಎರಡೂ ಹೌದು.

ಕೇಳಿದ್ದಕ್ಕೆ ಸಿಟ್ಟಿಲ್ಲ. ಗ್ಲಿಸರಿನ್ ಅಂದ ಕೂಡಲೇ "ಓ, ಅಷ್ಟೇನಾ" ಅಂತಾರಲ್ಲ, ಅದಕ್ಕೆ ಸಿಟ್ಟು.

ಕಳೆದ ಸಲ ದುಗ್ಗಮ್ಮನ ಜಾತ್ರೆಗೆ ದಾವಣಗೆರೆಗೆ ಬಂದಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಅಜ್ಜಿ ಮನೆ ತುಂಬಾ ನೆಂಟರು. ಹಿಂದಿನ ದಿನ ರಾತ್ರಿ ಒಂಬತ್ತರವರೆಗೆ ಶೂಟಿಂಗ್ ಮಾಡಿ ಸೀದಾ ಬಸ್ ಹತ್ತಿದ್ದೆ. ಕಣ್ಣು ಇನ್ನೂ ಕೆಂಪಗಿತ್ತು. ಮಂಡಕ್ಕಿ ತಟ್ಟೆ ಕೈಗೆ ಬರುವ ಮೊದಲೇ ದೂರದ ಸಂಬಂಧದ ದೊಡ್ಡಮ್ಮ, "ಎಲ್ಲಿ, ಒಂದ್ಸಲ ಅತ್ತು ತೋರ್ಸವ್ವ" ಅಂದರು. ನಾಲ್ಕು ಮೊಬೈಲ್ ಮೇಲೆದ್ದವು. ಆಗಲ್ಲ ಅಂದೆ. "ಬಾಟ್ಲಿ ತಂದಿಲ್ಲ ಬಿಡ್ರಿ" ಅಂದರು ಮಾವ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಹಿಂದಿನ ದಿನದ ಸೀನ್ ಹೇಳುತ್ತೇನೆ ಕೇಳಿ. ಅಪ್ಪ ಮಗಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಮೊದಲು ಎಲ್ಲರೂ ಕಾಣುವ ಮಾಸ್ಟರ್ ಶಾಟ್. ಅದರಲ್ಲಿ ನಿಜವಾಗಿಯೇ ಅತ್ತೆ. ಕ್ಯಾಮೆರಾ ದೂರ, ಆ ಕಣ್ಣೀರು ಯಾರಿಗೂ ಕಾಣಲ್ಲ. ಆಮೇಲೆ ಅಪ್ಪನ ಕ್ಲೋಸಪ್. ಕ್ಯಾಮೆರಾಗೆ ಬೆನ್ನು ಹಾಕಿ ನಿಂತು ಮತ್ತೆ ಅಷ್ಟೇ ಅತ್ತೆ. ನಾನು ಸುಮ್ನೆ ನಿಂತರೆ ಎದುರಿನವರು ಯಾರ ಮೇಲೆ ರೇಗಬೇಕು? ಲೈಟ್ ತಿರುಗಿಸಿ ನನ್ನ ಕ್ಲೋಸಪ್‌ಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಕಣ್ಣು ಬತ್ತಿತ್ತು. ಅಸಿಸ್ಟೆಂಟ್ ಡೈರೆಕ್ಟರ್ ಮೊದಲು ಅತ್ತಾಗ ಹತ್ತಿರದಿಂದ ತೆಗೆದ ಫೋಟೊ ಮೊಬೈಲಿನಲ್ಲಿ ತೋರಿಸಿದ. ಹನಿ ಎಡಗೆನ್ನೆಯ ನಡುವೆ ನಿಂತಿತ್ತು. ಈಗಲೂ ಅಲ್ಲೇ ನಿಲ್ಲಬೇಕು. ಗ್ಲಿಸರಿನ್ ಬಂತು. ಜೇನುತುಪ್ಪದ ಹಾಗೆ ಮಂದ. ಕಣ್ಣಿಗೆ ತಾಗಿದರೆ ಉರಿ, ಮೂಗು ಸೋರುತ್ತದೆ, ಎದುರಿಗಿದ್ದವರ ಮುಖ ಕಲಸಿಹೋಗುತ್ತದೆ. ಆ ಉರಿಯಲ್ಲೇ ಡೈಲಾಗ್ ಮರೆಯದೆ, ಗುರುತು ಹಾಕಿದ ಜಾಗ ಬಿಡದೆ ನಿಲ್ಲಬೇಕು.

ಇದನ್ನೆಲ್ಲ ಎಲ್ಲಿ ಕಲಿತೆ ಅಂತ ಯಾರೂ ಕೇಳಲ್ಲ. ಕೇಳಬಾರದಾ? ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಕಲಿತೆ. ಅಲ್ಲಿನ ಮಠದ ಶಿವಸಂಚಾರ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಬಯಲು ರಂಗಮಂದಿರದ ಕೊನೆ ಮೆಟ್ಟಿಲಲ್ಲಿ ಕೂತವರಿಗೆ ಕಣ್ಣೀರು ಕಾಣಲ್ಲ. ಅಲ್ಲಿ ಬೆನ್ನು ಅಳಬೇಕು, ದನಿ ಅಳಬೇಕು. ಕ್ಯಾಮೆರಾ ಮುಂದೆ ಅದೆಲ್ಲ ಜಾಸ್ತಿ ಆಗುತ್ತದೆ. ಅಷ್ಟನ್ನೂ ಎರಡು ಕಣ್ಣಿನೊಳಗೆ ಅಡಗಿಸುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ನಮ್ಮೂರಿಗೆ ಈ ಕೆಲಸ ಹೊಸದೂ ಅಲ್ಲ. ಚಿಂದೋಡಿ ಲೀಲಾ ದಾವಣಗೆರೆಯವರೇ. ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಯಕಿ, ಸಿನಿಮಾದಲ್ಲೂ ನಟಿಸಿದವರು, 1988ರಲ್ಲಿ ಪದ್ಮಶ್ರೀ ಪಡೆದವರು. ರೀಟೇಕ್ ಇಲ್ಲದ ಕಡೆ ಅತ್ತವರು. ಅಜ್ಜಿ ಅವರ ನಾಟಕಗಳನ್ನು ಹಿಂದಿನ ಸಾಲಿನಲ್ಲಿ ಕೂತು ನೋಡಿದವಳು.

ಅವತ್ತು ನಗು ಮುಗಿದ ಮೇಲೆ ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದಳು. "ಅಷ್ಟೊತ್ತು ಅತ್ರೆ ಗಂಟ್ಲು ಹಿಡ್ಕಳಲ್ವೇನೆ?" ಅಂದಳು.

ಹಿಡಿದುಕೊಳ್ಳುತ್ತದೆ. ಮರುದಿನ ದನಿ ಒಡೆದಿರುತ್ತದೆ. ಅದನ್ನು ಅದುವರೆಗೆ ಒಬ್ಬರೂ ಕೇಳಿರಲಿಲ್ಲ. ಅಜ್ಜಿ ಶುಂಠಿ ಜಜ್ಜಿ, ಬೆಲ್ಲ ಹಾಕಿ ನೀರು ಕಾಯಿಸಿ ಲೋಟಕ್ಕೆ ಬಗ್ಗಿಸಿದಳು. ನಾನು ಪೂರ್ತಿ ಕುಡಿಯುವವರೆಗೆ ಬಾಗಿಲಿಗೆ ಅಡ್ಡ ನಿಂತು ಒಬ್ಬರನ್ನೂ ಒಳಗೆ ಬಿಡಲಿಲ್ಲ.