ಗಾಯ ಮಾಯ್ದ ಮೇಲೆ ಉಳಿಯುವ ಕಲೆಗೂ ಪರಿಹಾರವಿದೆ

ಕೆಲಸದ ವೇಳೆ ಬೆಂಕಿಯೋ ರಾಸಾಯನಿಕವೋ ಯಂತ್ರದ ಅಲಗೋ ತಗುಲಿ ಗಾಯವಾದಾಗ, ಆಸ್ಪತ್ರೆಯ ಖರ್ಚನ್ನೂ ಕಳೆದುಹೋದ ದಿನಗಳ ಸಂಬಳವನ್ನೂ ಕೊಟ್ಟರೆ ಲೆಕ್ಕ ಚುಕ್ತಾ ಆಯಿತೆಂದು ಎಷ್ಟೋ ಮಂದಿ ತಿಳಿಯುತ್ತಾರೆ. ಆದರೆ ಗಾಯ ಮಾಯ್ದ ಮೇಲೂ ಉಳಿಯುವ ಕಲೆ ಬೇರೆಯೇ ಒಂದು ನಷ್ಟ.

ಅದನ್ನು ಅಳೆಯುವ ಬಗೆ ಎಲ್ಲೆಡೆ ಒಂದೇ ಅಲ್ಲ. ಭಾರತದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯು ಮುಖದ ಅತಿ ತೀವ್ರ ವಿರೂಪವನ್ನು, ಎರಡೂ ಕೈ ಕಳೆದುಕೊಂಡದ್ದಕ್ಕೆ ಸಮನಾಗಿ, ಗಳಿಕೆಯ ಸಾಮರ್ಥ್ಯದ ಶೇ 100ರಷ್ಟು ನಷ್ಟವೆಂದು ಎಣಿಸಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ತಲೆ, ಮುಖ, ಕುತ್ತಿಗೆ, ಕೈ, ತೋಳು, ಎದೆಯ ಮೇಲ್ಭಾಗ ಮತ್ತು ಮೊಣಕಾಲಿನ ಕೆಳಗಿನ ಭಾಗದ ಶಾಶ್ವತ ವಿರೂಪಕ್ಕೆ, ವಾರದ ಸಂಬಳದ ಒಂದು ಪಾಲಿನಂತೆ, ಗರಿಷ್ಠ 162 ವಾರಗಳ ಲೆಕ್ಕದಲ್ಲಿ ಪರಿಹಾರವಿದೆ. ಮಸಾಚುಸೆಟ್ಸ್‌ನಲ್ಲಿ ಮುಖ, ಕುತ್ತಿಗೆ, ಕೈಗಳ ಮೇಲಿನ ಕಲೆಗೆ ಮಾತ್ರ ಹಣ ಸಿಗುತ್ತದೆ. ಮಿತಿ 15,000 ಡಾಲರ್. ಬಟ್ಟೆಯೊಳಗೆ ಮರೆಯಾಗುವ ಕಲೆಯನ್ನು ಹೀಗೆ ಲೆಕ್ಕದಿಂದ ಹೊರಗಿಡುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಏಕೆಂದರೆ ಕಲೆ ಎಂಬುದು ನೋಟದ ವಿಷಯವಷ್ಟೇ ಅಲ್ಲ. ಆಳವಾಗಿ ಸುಟ್ಟ ಜಾಗದಲ್ಲಿ ಬೆವರಿನ ಗ್ರಂಥಿಗಳು ನಾಶವಾಗಿರುತ್ತವೆ, ಕಸಿ ಮಾಡಿದ ಚರ್ಮವೂ ಸರಿಯಾಗಿ ಬೆವರುವುದಿಲ್ಲ. ಆದ್ದರಿಂದ ಮೈಯ ಬಹುಭಾಗ ಸುಟ್ಟವನು ಕುಲುಮೆಯ ಮುಂದೆ ಮೊದಲಿನಂತೆ ನಿಲ್ಲಲಾರ. ಕೀಲಿನ ಮೇಲಿನ ಕಲೆ ಬಿಗಿದುಕೊಂಡರೆ ಬೆರಳು ಮಡಚುವುದಿಲ್ಲ, ಕಂಕುಳಲ್ಲಾದರೆ ತೋಳು ಪೂರ್ತಿ ಮೇಲೇಳುವುದಿಲ್ಲ. ತುರಿಕೆ, ಉರಿ, ಬಿಸಿಲು ತಾಳಲಾಗದ ಸ್ಥಿತಿ ಬಹುಕಾಲ ಕಾಡುತ್ತವೆ. ಇಷ್ಟನ್ನೂ ವೈದ್ಯರ ವರದಿಯಲ್ಲಿ ಬರೆಸದೆ, ‘ಗಾಯ ವಾಸಿಯಾಗಿದೆ’ ಎಂಬ ಒಂದೇ ವಾಕ್ಯದ ಪ್ರಮಾಣಪತ್ರವನ್ನು ಒಪ್ಪಿಕೊಂಡರೆ ಅರ್ಜಿ ಅಲ್ಲಿಗೇ ದುರ್ಬಲವಾಗುತ್ತದೆ. ಕಲೆಯ ಉದ್ದ, ಅಗಲ, ಬಣ್ಣ, ಬಿಗಿತ, ಕೀಲು ಎಷ್ಟು ಮಡಚುತ್ತದೆ, ಯಾವ ಕೆಲಸ ಇನ್ನು ಸಾಧ್ಯವಿಲ್ಲ ಎಂಬುದೆಲ್ಲ ಅದರಲ್ಲಿ ಇರಬೇಕು. ಮೊದಲ ದಿನಗಳಿಂದಲೇ ದಿನಾಂಕ ಸಹಿತ ಛಾಯಾಚಿತ್ರಗಳೂ ಬೇಕು.

ಕಲೆ ತನ್ನ ಕೊನೆಯ ರೂಪಕ್ಕೆ ಬರಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಕೆಂಪಗಿದ್ದದ್ದು ಮಾಸಬಹುದು, ಚಪ್ಪಟೆಯಾಗಿದ್ದದ್ದು ಉಬ್ಬಬಹುದು. ಹಾಗಾಗಿ ಅದಕ್ಕೂ ಮೊದಲೇ ‘ಪೂರ್ಣ ಮತ್ತು ಅಂತಿಮ’ ಎಂಬ ಒಪ್ಪಂದಕ್ಕೆ ಸಹಿ ಹಾಕಬಾರದು. ಇತ್ತ ಅರ್ಜಿಯ ಗಡುವು ಸಾಮಾನ್ಯವಾಗಿ ಅಪಘಾತದ ದಿನದಿಂದಲೇ ಓಡತೊಡಗುತ್ತದೆ. 1923ರ ಕಾಯ್ದೆ ಕೊಟ್ಟದ್ದು ಎರಡು ವರ್ಷ. ಆದ್ದರಿಂದ ಅರ್ಜಿಯನ್ನು ಬೇಗ ಸಲ್ಲಿಸಿ, ಕಲೆಯ ಅಂತಿಮ ಮೌಲ್ಯಮಾಪನವನ್ನು ಅದು ಬಲಿತ ಮೇಲೆ ಮಾಡಿಸುವಂತೆ ಲಿಖಿತವಾಗಿಯೇ ಕೇಳಿಕೊಳ್ಳಬೇಕು.